ಹನಿಗೆ ಎಪ್ಪತ್ಮೂರು ಪೈಸೆ: ಪ್ರೊಪೊಲಿಸ್ ಕುಡಿದ ಮೂರು ತಿಂಗಳ ಲೆಕ್ಕ

ಮೊದಲು ಲೆಕ್ಕ, ಆಮೇಲೆ ಕಥೆ.

ಕೊಲೆಸ್ಟ್ರಾಲ್ ಇಳಿಯಲಿ ಅಂತ ಕುಡಿದದ್ದು ಪ್ರೊಪೊಲಿಸ್, ಅಂದರೆ ಜೇನುಹುಳ ಗೂಡಿಗೆ ಮೆತ್ತುವ ಅಂಟಿನ ಸಾರ. 30 ಮಿಲಿಯ ಕಂದು ಬಾಟಲಿ, 680 ರೂಪಾಯಿ. ಬೆಳಿಗ್ಗೆ 15 ಹನಿ, ರಾತ್ರಿ 15 ಹನಿ. ಮೊದಲ ಬಾಟಲಿ ಸರಿಯಾಗಿ 31 ದಿನ ಬಂತು. ಅಂದರೆ ಬಾಟಲಿಗೆ 930 ಹನಿ, ಹನಿಗೆ 73 ಪೈಸೆ. ಮೂರು ಬಾಟಲಿ, 90 ದಿನ, 2,040 ರೂಪಾಯಿ. ಹನಿ ಎಣಿಸುತ್ತಾ ಕೂತಿದ್ದನಲ್ಲ ಈ ಮನುಷ್ಯ ಅಂತ ನಗಬೇಡಿ. ನಾನು ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಇಪ್ಪತ್ತೇಳು ವರ್ಷದಿಂದ ಚೆಕ್‌ರೋಲ್ ಬರೆದ ಕೈ ಇದು. ಯಾರು ಎಷ್ಟು ಕೆ.ಜಿ. ಹಣ್ಣು ಕುಯ್ದರು, ಯಾರು ಅರ್ಧ ದಿನಕ್ಕೇ ಮನೆಗೆ ಹೋದರು, ಗೊಬ್ಬರದ ಮೂಟೆ ಎಷ್ಟು ಇಳಿಯಿತು, ಎಲ್ಲಕ್ಕೂ ಒಂದು ಕಾಲಂ ಇರಲೇಬೇಕು. ಹೊಟ್ಟೆಗೆ ಹೋದ ಹನಿಗೂ ಒಂದು ಕಾಲಂ ಹಾಕಿಕೊಂಡೆ, ಅಷ್ಟೆ.

ಐದರಲ್ಲಿ ಎರಡು ನಕ್ಷತ್ರ ಕೊಡುತ್ತಿದ್ದೇನೆ. ಆ ಎರಡರಲ್ಲಿ ಒಂದೂ ಕೊಲೆಸ್ಟ್ರಾಲಿನ ಬಾಬ್ತಿನದ್ದಲ್ಲ.

ನನ್ನ ಕೊಲೆಸ್ಟ್ರಾಲ್ ಪುರಾಣ ಶುರುವಾದದ್ದು ಎರಡು ವರ್ಷದ ಹಿಂದೆ, ಪಂಚಾಯ್ತಿ ಕಟ್ಟಡದಲ್ಲಿ ನಡೆದ ಒಂದು ತಪಾಸಣೆ ಕ್ಯಾಂಪಿನಲ್ಲಿ. ‘ಆಳುಗಳನ್ನೆಲ್ಲ ಕರ್ಕೊಂಡ್ ಹೋಗಿ ರೈಟ್ರೇ’ ಅಂದಿದ್ದರು ಸಾಹುಕಾರ್ರು. ಸೂಜಿ ಅಂದರೆ ಹಿಂದೆ ಸರಿಯುವವರಿಗೆ ಧೈರ್ಯ ಬರಲಿ ಅಂತ ನಾನೇ ಮೊದಲು ತೋಳು ಚಾಚಿದೆ. ಅವರದೆಲ್ಲ ನೆಟ್ಟಗೆ ಬಂತು, ನನ್ನದು ಕೆಟ್ಟಿತು. ಒಟ್ಟು ಕೊಲೆಸ್ಟ್ರಾಲ್ 248, ಒಳ್ಳೆಯದು ಅನ್ನುವ ಎಚ್‌ಡಿಎಲ್ 38, ರಕ್ತದ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ 210, ಕೆಟ್ಟದ್ದು ಅನ್ನುವ ಎಲ್‌ಡಿಎಲ್ 168. ಈ ಎಲ್‌ಡಿಎಲ್ ಅನ್ನುವುದನ್ನು ಬಹಳ ಕಡೆ ನೇರವಾಗಿ ಅಳೆಯುವುದೇ ಇಲ್ಲ, ಕೂಡಿ ಕಳೆದು ತೆಗೆಯುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಒಟ್ಟು ಅಂಕಿಯಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲು ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಮಾಡಿ ನೋಡಿದೆ, ತಾಳೆಯಾಯಿತು. ಲೆಕ್ಕ ಸರಿ ಇದೆಯಲ್ಲ ಅಂತ ಒಂದು ಕ್ಷಣ ಖುಷಿಯೂ ಆಯಿತು, ಸಾಲ ನನ್ನದೇ ಅನ್ನುವುದು ಮರೆತು.

ಚಿಕ್ಕಮಗಳೂರಿನ ಡಾಕ್ಟರಮ್ಮ ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ ಬರೆದುಕೊಟ್ಟರು, ರಾತ್ರಿಗೊಂದು. ಹಂದಿ ಸಾರಿಗೆ ಕೈಯಡ್ಡ ಇಡಿ ಅಂದರು. ಬಸ್‌ಸ್ಟ್ಯಾಂಡಿನ ಬೋಂಡದ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮೂರು ತಿಂಗಳಿಗೆ ಒಟ್ಟು 176, ಎಚ್‌ಡಿಎಲ್ 39, ಟ್ರೈಗ್ಲಿಸರೈಡ್ 180, ಎಲ್‌ಡಿಎಲ್ 101. ಬೋಂಡ ನಿಂತಿರಲಿಲ್ಲ ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೀಗೆ ಒಂದೂವರೆ ವರ್ಷ ನಡೆಯಿತು. ಕಳೆದ ಮಳೆಗಾಲದಲ್ಲಿ ಮೀನಖಂಡ ನೋಯಲು ಶುರುವಾಯಿತು. ಸಂಜೆ ಆಫೀಸಿನ ಮೆಟ್ಟಿಲು ಇಳಿಯುವಾಗ ಎರಡೂ ಕಾಲು ಹಿಂಡಿದ ಹಾಗೆ. ಯಾರ ಹತ್ತಿರ ಹೇಳಿಕೊಂಡರೂ ಒಂದೇ ಮಾತು, ‘ಆ ಮಾತ್ರೆ ತಗೊಂಡ್ರೆ ಹಾಗೇ ಆಗೋದು.’ ಮೊಬೈಲಿನಲ್ಲಿ ಬರುವ ವೀಡಿಯೊಗಳೂ ಅದನ್ನೇ ಹೇಳಿದವು. ಅದೇ ಹೊತ್ತಿಗೆ ಒಂದು ಭಾನುವಾರ ಚಿಕ್ಕಮಗಳೂರಿನಲ್ಲಿ ಐ.ಜಿ. ರಸ್ತೆಯ ಆಚೆ ಒಂದು ಅಂಗಡಿಗೆ ಹೊಕ್ಕೆ. ಹೆಸರು ಬೇಡ. ಮುಳ್ಳಯ್ಯನಗಿರಿ ನೋಡಿ ಇಳಿದು ಬರುವವರಿಗೆ ಕಾಫಿ ಪುಡಿ, ಏಲಕ್ಕಿ, ಕೈಯಲ್ಲಿ ಮಾಡಿದ ಚಾಕೊಲೇಟು, ಜೇನುತುಪ್ಪ ಮಾರುವ ಅಂಗಡಿಗಳಿವೆಯಲ್ಲ, ಆ ಜಾತಿಯದು. ನಾನು ಹೋದದ್ದು ತಂಗಿ ಮನೆಗೆ ಜೇನು ತರಲು.

ಗಲ್ಲಾದಲ್ಲಿದ್ದ ಹುಡುಗ ಬಹಳ ಚುರುಕು. ನಾನು ಕುಂಟುವುದು ನೋಡಿ ‘ಏನ್ ಸಾರ್, ಮಂಡಿ ನೋವಾ?’ ಅಂದ. ಮಾತ್ರೆಯ ಕಥೆ ಹೇಳಿದೆ. ಅವನು ಜೇನಿನ ಸಾಲಿನ ಹಿಂದಿನಿಂದ ಈ ಬಾಟಲಿ ತೆಗೆದಿಟ್ಟ. ‘ಪ್ರೊಪೊಲಿಸ್ ಸಾರ್. ಜೇನುಹುಳ ಗೂಡಿಗೆ ಮೆತ್ತೋ ಅಂಟು. ಕೊಲೆಸ್ಟ್ರಾಲು, ಶುಗರು, ಬಿ.ಪಿ., ಮೂರಕ್ಕೂ. ಮೂರು ತಿಂಗಳು ತಗೊಳ್ಳಿ, ಮಾತ್ರೆ ತಾನಾಗೇ ಬಿಟ್ಟೋಗುತ್ತೆ.’ ಒಂದು ಚೀಟಿಯನ್ನೂ ಕೊಟ್ಟ: ದಿನಕ್ಕೆ ಎರಡು ಸಲ, 15 ಹನಿ, ಅರ್ಧ ಲೋಟ ನೀರಿನಲ್ಲಿ.

ಮಾತ್ರೆ ತಾನಾಗಿ ಬಿಡಲಿಲ್ಲ, ನಾನೇ ಬಿಟ್ಟೆ. ಡಾಕ್ಟರಮ್ಮನನ್ನು ಕೇಳದೆ ಬಿಟ್ಟೆ. ಆ ತಪ್ಪು ನನ್ನ ಖಾತೆಗೇ ಬರೆದುಕೊಳ್ಳುತ್ತೇನೆ. ಆದರೆ ಅಂಥ ಮಾತನ್ನು ಗಲ್ಲಾದ ಮೇಲೆ ಕೂತು ಆಡುವುದಕ್ಕೆ ಎಷ್ಟು ಧೈರ್ಯ ಬೇಕು ಅಂತ ಈಗಲೂ ಯೋಚನೆ ಬರುತ್ತದೆ.

ವಸ್ತುವಿನ ವಿಷಯಕ್ಕೆ ಬರುತ್ತೇನೆ. ಪ್ರೊಪೊಲಿಸ್ ಅಂದರೆ ಜೇನುಹುಳಗಳು ಮರದ ಚಿಗುರಿನಿಂದ, ತೊಗಟೆಯ ಗಾಯದಿಂದ ಕೆರೆದು ತಂದ ಅಂಟು. ಅದಕ್ಕೆ ತಮ್ಮ ಮೇಣ, ಬಾಯಿರಸ ಬೆರೆಸಿ ಗೂಡಿನ ಬಿರುಕು ಮುಚ್ಚುತ್ತವೆ. ಸುಮಾರು ಅರ್ಧ ಭಾಗ ರಾಳ, ಮೂರನೇ ಒಂದು ಭಾಗದ ಹತ್ತಿರ ಮೇಣ, ಉಳಿದದ್ದು ಸುಗಂಧ ತೈಲ, ಪರಾಗ, ಇತ್ಯಾದಿ. ಹೆಸರು ಗ್ರೀಕಿನದು, ಊರ ಮುಂದಿನದು ಅನ್ನುವ ಅರ್ಥ ಹೇಳುತ್ತಾರೆ, ಗೂಡಿನ ಬಾಗಿಲಿಗೇ ಮೆತ್ತುವುದರಿಂದ. ನಾನು ಜೇನಂಟು ಅನ್ನುತ್ತೇನೆ, ಹೇಳಲು ಸುಲಭ.

ನನಗೆ ಇದು ತೀರ ಹೊಸದೂ ಆಗಿರಲಿಲ್ಲ. ನಮ್ಮ ತೋಟದ ಆಫೀಸಿನ ಗೋಡೆಯಲ್ಲಿ, ಕರೆಂಟು ಮೀಟರಿನ ಹಲಗೆಯ ಹಿಂದೆ, ಮಿಸರಿ ಜೇನು ಕೂತು ಹನ್ನೆರಡು ವರ್ಷವಾಗಿರಬೇಕು. ಘಟ್ಟದ ಕೆಳಗಿನವರು ಮುಜಂಟಿ ಅಂತಾರೆ. ಕಚ್ಚುವ ಮುಳ್ಳಿಲ್ಲ, ಇರುವೆಯಷ್ಟು ದೊಡ್ಡದು, ಹೆಚ್ಚೆಂದರೆ ತಲೆಗೂದಲಲ್ಲಿ ಸಿಕ್ಕಿಕೊಂಡು ತೊಂದರೆ ಕೊಡುತ್ತದೆ. ಹಲಗೆಯ ಮೂಲೆಯಿಂದ ಬೆರಳುದ್ದದ ಒಂದು ಕೊಳವೆ ಹೊರಗೆ ಚಾಚಿದೆ, ಪೂರಾ ಅಂಟಿನದು. ಬಿಸಿಲಿಗೆ ಮೆತ್ತಗಾಗುತ್ತದೆ, ಚಳಿಯಲ್ಲಿ ಮುಟ್ಟಿದರೆ ಪಟ್ಟನೆ ಮುರಿಯುತ್ತದೆ, ಮುರಿದರೆ ಎರಡು ದಿನದಲ್ಲಿ ಮತ್ತೆ ಕಟ್ಟುತ್ತವೆ. ಒಮ್ಮೆ ಲೈನ್‌ಮ್ಯಾನ್ ಬಂದು ಹಲಗೆ ಬಿಚ್ಚಿದಾಗ ಒಳಗೆ ಒಂದು ಹಲ್ಲಿಮರಿ ಸಿಕ್ಕಿತು. ಸತ್ತು ಎಷ್ಟು ದಿನವಾಗಿತ್ತೋ, ಮೂಗಿಗೆ ವಾಸನೆ ಇಲ್ಲ. ತಲೆಯಿಂದ ಬಾಲದವರೆಗೆ ಕಂದು ಅಂಟು ಮೆತ್ತಿ, ಗೊಂಬೆಗೆ ಪಾಲಿಶು ಹೊಡೆದ ಹಾಗೆ ಇಟ್ಟಿದ್ದವು. ಹೊತ್ತು ಹೊರಗೆ ಹಾಕಲು ಆಗದ ಹೆಣವನ್ನು ಜೇನುಗಳು ಹೀಗೆ ಮುಚ್ಚಿಡುತ್ತವೆ, ಕೊಳೆಯದಿರಲಿ ಅಂತ. ಆ ಅಂಟಿನಲ್ಲಿ ಕ್ರಿಮಿ ತಡೆಯುವ ಶಕ್ತಿ ಇದೆ ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ಹಲ್ಲಿ ಕೊಳೆಯದೆ ಇದ್ದ ಮಾತ್ರಕ್ಕೆ ರೈಟರಿನ ರಕ್ತನಾಳ ಚೊಕ್ಕವಾಗುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ಬಾಟಲಿ ಕೊಳ್ಳುವಾಗ ನಾನು ಆ ಎರಡನ್ನೂ ಒಂದು ಮಾಡಿಕೊಂಡಿದ್ದೆ.

ಬಾಟಲಿಯ ಚೀಟಿಯ ಮೇಲೆ ಕಾಫಿ ಹೂವಿನ ಚಿತ್ರ, ಮರದ ಜೇನುಪೆಟ್ಟಿಗೆ, ಹಿಂದೆ ನೀಲಿ ಬೆಟ್ಟ. ‘ಮಲೆನಾಡಿನ ಶುದ್ಧ ಪ್ರೊಪೊಲಿಸ್’ ಅಂತ ಬರೆದಿದೆ. ಇಲ್ಲೇ ನನಗೆ ಮೊದಲು ಅನುಮಾನ ಬರಬೇಕಿತ್ತು, ಬಂದದ್ದು ಎರಡನೇ ಬಾಟಲಿಗೆ. ನಮ್ಮ ಕಡೆ ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ. ನಮ್ಮ ದೊಡ್ಡಪ್ಪ ಮೂವತ್ತು ಪೆಟ್ಟಿಗೆ ಇಟ್ಟಿದ್ದರು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣದ ತುಡುವೆ ಸಂಸಾರಗಳನ್ನೆಲ್ಲ ಗುಡಿಸಿ ಹಾಕಿತಲ್ಲ, ಆಗ ಅವರ ಪೆಟ್ಟಿಗೆಗಳೂ ಬರಿದಾದವು. ಆ ಪೆಟ್ಟಿಗೆಗಳನ್ನು ನಾನು ಎಷ್ಟು ಸಲ ತೆಗೆದು ನೋಡಿದ್ದೇನೆ. ಮುಚ್ಚಳ ಸಲೀಸಾಗಿ ಎತ್ತಿಬಿಡಬಹುದು, ಅಂಟು ಇರುವುದೇ ಇಲ್ಲ. ತುಡುವೆ ಜೇನಂಟು ಕೂಡಿಡುವ ಜಾತಿಯಲ್ಲ. ಕೂಡಿಡುವುದು ಯುರೋಪಿನ ಮೆಲಿಫೆರಾ ಜೇನು, ಮತ್ತೆ ನಮ್ಮ ಮೀಟರ್ ಬೋರ್ಡಿನ ಮಿಸರಿಯ ಬಳಗ. ಹಾಗಿದ್ದ ಮೇಲೆ ಚಿತ್ರದಲ್ಲಿದ್ದ ಪೆಟ್ಟಿಗೆಯಿಂದ ಈ ಬಾಟಲಿ ತುಂಬಿರಲು ಸಾಧ್ಯವಿಲ್ಲ. ಕನ್ನಡಕ ಹಾಕಿ ಕೆಳಗಿನ ಸಣ್ಣ ಅಕ್ಷರ ಓದಿದೆ. ಪ್ಯಾಕ್ ಮಾಡಿದ್ದು ಹೊರ ರಾಜ್ಯದಲ್ಲಿ. ಯಾವ ಜೇನು, ಯಾವ ಊರು, ಯಾವ ಮರ, ಒಂದೂ ಇಲ್ಲ. ‘10%’ ಅಂತ ಒಂದು ಅಂಕಿ ಇದೆ. ಅದರ ಪಕ್ಕದಲ್ಲೇ ‘ಔಷಧವಾಗಿ ಬಳಸಲು ಅಲ್ಲ’ ಅನ್ನುವ ಸಾಲು ಇದೆ. ಪೂರಕ ಆಹಾರದ ಮೇಲೆ ಹಾಗೆ ಮುದ್ರಿಸಲೇಬೇಕು ಅಂತ ಕಾನೂನಿದೆ. ಚೀಟಿ ಒಂದು ಹೇಳುತ್ತದೆ, ಗಲ್ಲಾ ಇನ್ನೊಂದು ಹೇಳುತ್ತದೆ.

ಇನ್ನು ಕುಡಿಯುವ ಸುಖದ ಬಗ್ಗೆ. ಡ್ರಾಪರಿನಿಂದ ನೀರಿಗೆ ಬಿದ್ದ ಹನಿ ಮೊದಲು ಕಂದು ದಾರದ ಹಾಗೆ ಕೆಳಗೆ ಇಳಿಯುತ್ತದೆ, ಆಮೇಲೆ ಒಮ್ಮೆಗೇ ನೀರೆಲ್ಲ ಮಜ್ಜಿಗೆ ನೀರಿನ ಹಾಗೆ ಹಳದಿ ಬೆಳ್ಳಗಾಗುತ್ತದೆ. ಸಾರಾಯಿಯಲ್ಲಿ ಕರಗಿದ್ದ ರಾಳ ನೀರಿನಲ್ಲಿ ಕರಗಲಾರದೆ ಒಡೆಯುವುದು ಅದು. ವಾಸನೆ ಹೇಗೆಂದರೆ, ಸಾಂಬ್ರಾಣಿ ಡಬ್ಬಿಯಲ್ಲಿ ಜೇನುಮೇಣ ಇಟ್ಟು ತಿಂಗಳಾದ ಮೇಲೆ ಮುಚ್ಚಳ ತೆಗೆದ ಹಾಗೆ. ರುಚಿ ಕಹಿ, ಕಹಿಯ ಹಿಂದೆ ಖಾರ, ಖಾರದ ಹಿಂದೆ ನಾಲಿಗೆ ಜೋಮು. ನನಗೆ ಇಷ್ಟವಾಯಿತು ಅಂದರೆ ನಂಬಬೇಕು. ಡಿಸೆಂಬರಿನ ಇಬ್ಬನಿಯಲ್ಲಿ ಆರು ಗಂಟೆಗೆ ಆಳು ಲೆಕ್ಕ ಹಿಡಿಯಲು ನಿಂತಾಗ ಗಂಟಲು ಬೆಚ್ಚಗಿರುತ್ತಿತ್ತು. ಪ್ರತಿವರ್ಷ ಕುಯ್ಲಿನ ಹೊತ್ತಿಗೆ ನನ್ನ ಸ್ವರ ಕೂತುಹೋಗುತ್ತದೆ, ಈ ವರ್ಷ ಕೂರಲಿಲ್ಲ. ವಸಡಿನಲ್ಲಿ ಒಂದು ಕಡೆ ರಕ್ತ ಬರುತ್ತಿತ್ತು, ಅದೂ ಕಡಿಮೆಯಾಯಿತು. ಎರಡು ನಕ್ಷತ್ರ ಇಲ್ಲಿಗೆ.

ಲೋಟದ ಗತಿ ಕೇಳಬೇಡಿ. ನೀರು ನಿಂತ ಮಟ್ಟಕ್ಕೆ ಒಂದು ಕಂದು ಬಳೆ ಕಟ್ಟುತ್ತದೆ. ಸೋಪಿಗೆ ಜಗ್ಗುವುದಿಲ್ಲ, ಬೂದಿಗೂ ಜಗ್ಗುವುದಿಲ್ಲ. ‘ರೀ, ಇದಕ್ಕೆ ಬೇರೆ ಲೋಟ ಇಟ್ಕೊಳ್ಳಿ, ನಮ್ಮಪ್ಪ ಕೊಟ್ಟಿದ್ ಲೋಟ ಇದು’ ಅಂತ ಮನೆಯವಳು ಒಂದು ವಾರ ಹೇಳಿದಳು, ಎಂಟನೇ ದಿನ ಒಡಕು ಹಿಡಿಯ ಪ್ಲಾಸ್ಟಿಕ್ ಮಗ್ಗು ಮುಂದಿಟ್ಟಳು. ಕೊರೋನಾ ಕಾಲದಲ್ಲಿ ಉಳಿದಿದ್ದ ಕೈಗೆ ಹಚ್ಚುವ ಸ್ಯಾನಿಟೈಸರ್ ಹಾಕಿ ಉಜ್ಜಿದರೆ ಬಳೆ ಹೋಗುತ್ತದೆ. ಕೊಂಡವರಿಗೆ ಇದೊಂದು ಉಪಯೋಗದ ಮಾತು.

ಮನೆಯವಳೇ ಇದನ್ನು ತನ್ನ ಹಿಮ್ಮಡಿ ಒಡಕಿಗೆ ಹಚ್ಚಿಕೊಂಡಳು, ನಮ್ಮಮ್ಮ ಜೇನುಮೇಣ ಹಚ್ಚುತ್ತಿದ್ದದ್ದು ನೆನಪಾಗಿ. ಎರಡನೇ ದಿನಕ್ಕೆ ಹಿಮ್ಮಡಿಯ ಸುತ್ತ ಕೆಂಪು ಗಂಧೆ, ರಾತ್ರಿಯಿಡೀ ತುರಿಕೆ. ಜೇನಂಟು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ಅದರಲ್ಲಿರುವ ಕೆಫಿಕ್ ಆಮ್ಲದ ಸಂಯುಕ್ತಗಳೇ ಅಲರ್ಜಿ ಎಬ್ಬಿಸುತ್ತವೆ. ಬಾಟಲಿಯ ಮೇಲೆ ಇದರ ಒಂದು ಅಕ್ಷರವೂ ಇಲ್ಲ. ಜೇನು ಕಡಿದರೆ ಮೈ ಊದಿಕೊಳ್ಳುವವರು, ದಮ್ಮು ಇರುವವರು, ರಕ್ತ ತೆಳ್ಳಗಾಗಲು ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ನಮ್ಮ ಮೇಸ್ತ್ರಿಯದು ಇನ್ನೊಂದು ಕಥೆ. ಅಯ್ಯಪ್ಪ ಮಾಲೆ ಹಾಕಿದ್ದ, ಭಜನೆ ಹೇಳಿ ಹೇಳಿ ಗಂಟಲು ಕಟ್ಟಿತ್ತು. ಎರಡು ಹನಿ ಕೊಡಲು ಹೋದೆ. ಅವನು ಬಾಟಲಿ ಇಸ್ಕೊಂಡು, ತಿರುಗಿಸಿ ಮೂಸಿದ. ‘ಸ್ವಾಮಿ, ಇದರಾಗೆ ಎಣ್ಣೆ ಐತಲ್ಲ!’ ಅಂದ. ಎಣ್ಣೆ ಅಂದರೆ ಯಾವ ಎಣ್ಣೆ ಅಂತ ಹೇಳಬೇಕಿಲ್ಲ. ಆ ಸಣ್ಣ ಅಕ್ಷರದ ಸಾಲಿನಲ್ಲಿ ಆಲ್ಕೋಹಾಲು ಅಂತ ಇದ್ದದ್ದು ನಿಜ. ಮುಟ್ಟದೆ ವಾಪಸು ಕೊಟ್ಟ.

ತೊಂಬತ್ತನೇ ದಿನ ಮುಗಿದದ್ದು ಫೆಬ್ರುವರಿಯಲ್ಲಿ, ರೊಬಸ್ಟಾ ಕುಯ್ಲಿನ ಮಧ್ಯೆ. ಹಿಂದಿನ ರಾತ್ರಿ ಏಳೂವರೆಗೆ ಉಂಡು, ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಮೊದಲ ಬಸ್ಸು ಹಿಡಿದೆ. ಕಾಫಿ ತೋಟದ ರೈಟರು ಕಾಫಿ ಇಲ್ಲದೆ ಇಪ್ಪತ್ತು ಕಿಲೋಮೀಟರ್ ಹೋಗುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಾಗಲಿಕ್ಕಿಲ್ಲ. ಸಂಜೆ ರಿಪೋರ್ಟು ಕೈಗೆ ಬಂತು. ಒಟ್ಟು 232. ಎಚ್‌ಡಿಎಲ್ 43. ಟ್ರೈಗ್ಲಿಸರೈಡ್ 170. ಎಲ್‌ಡಿಎಲ್ 155. ಬೆಂಚಿನ ಮೇಲೆ ಕೂತು, ರಿಪೋರ್ಟಿನ ಹಿಂಬದಿಯಲ್ಲಿ ಪೆನ್ನಿನಿಂದ ಕಳೆದು ನೋಡಿದೆ. 232, ಅದರಲ್ಲಿ 43 ಹೋದರೆ 189, ಅದರಲ್ಲಿ 34 ಹೋದರೆ 155. ಯಾವ ತಪ್ಪೂ ಇರಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಹಳೆಯ ಎರಡು ರಿಪೋರ್ಟು, ಹೊಸದೊಂದು, ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನನ್ನ ಕಡೆ ತಿರುಗಿಸಿದರು. ‘ಲೆಕ್ಕದವರು ನೀವು, ನೀವೇ ಹೇಳಿ’ ಅಂದರು.

ಹೇಳಿದೆ. ಮಾತ್ರೆ ಶುರು ಮಾಡಿದಾಗ ಬೋಂಡ ಬಿಡದೆಯೇ ಎಲ್‌ಡಿಎಲ್ 168ರಿಂದ 101ಕ್ಕೆ ಇಳಿಯಿತು, ನೂರಕ್ಕೆ ನಲವತ್ತು. ಮಾತ್ರೆ ಬಿಟ್ಟು ಹನಿ ಹಿಡಿದಾಗ 101ರಿಂದ 155ಕ್ಕೆ ಏರಿತು. ಮೊದಲಿನ 168ಕ್ಕೆ ಹೋಲಿಸಿದರೆ 13 ಕಮ್ಮಿ ಇದೆ ನಿಜ. ಆದರೆ ಈ ಸಲ ಹನಿಗೆ ಅಷ್ಟು ದುಡ್ಡು ಹಾಕಿದ ಮೇಲೆ ಬೋಂಡ ತಿನ್ನುವುದೇಕೆ ಅಂತ ಬೋಂಡವನ್ನೂ ಬಿಟ್ಟಿದ್ದೆ, ಹಂದಿ ಸಾರು ತಿಂಗಳಿಗೆ ಒಂದು ಸಲಕ್ಕೆ ಬಂದಿತ್ತು, ಕುಯ್ಲಿನ ಕಾಲವಾದ್ದರಿಂದ ದಿನಕ್ಕೆ ಆರೇಳು ಕಿಲೋಮೀಟರ್ ಏರು ಇಳಿಜಾರು ನಡೆದಿದ್ದೆ. ಆ ಹದಿಮೂರನ್ನು ಯಾವ ಖಾತೆಗೆ ಜಮಾ ಮಾಡುವುದು? ಬೋಂಡದ್ದೋ, ನಡಿಗೆಯದ್ದೋ, ಹನಿಯದ್ದೋ? ಚೆಕ್‌ರೋಲಿನಲ್ಲಿ ಮೂರು ಜನ ಒಟ್ಟಿಗೆ ಕುಯ್ದ ಹಣ್ಣನ್ನು ಒಬ್ಬನ ಹೆಸರಿಗೆ ಬರೆದರೆ ಸಂಜೆ ಜಗಳ ಆಗುತ್ತದೆ. ‘ಎಚ್‌ಡಿಎಲ್ ನಾಲ್ಕು ಏರಿದೆಯಲ್ಲ ಮೇಡಂ’ ಅಂದೆ. ‘ಎರಡು ದಿನ ಬಿಟ್ಟು ಮತ್ತೆ ರಕ್ತ ಕೊಡಿ, ಅಷ್ಟು ಆಚೀಚೆ ಆಗಿರುತ್ತೆ’ ಅಂದರು.

ಕಾಲುನೋವಿನ ವಿಷಯವನ್ನೂ ಹೇಳಿದೆ, ಮಾತ್ರೆ ಬಿಟ್ಟು ಮೂರು ತಿಂಗಳಾದರೂ ಹೋಗಿಲ್ಲ ಅಂತ. ಪ್ಯಾಂಟು ಮಡಚಿಸಿ ನೋಡಿದರು. ಎರಡೂ ಮೀನಖಂಡದ ಸುತ್ತ ಒಂದೇ ಎತ್ತರದಲ್ಲಿ ಕಪ್ಪು ಗೆರೆ. ಜೂನಿನಲ್ಲಿ ಹೊಸ ಗಂಬೂಟು ಕೊಂಡಿದ್ದೆ, ಅದರ ಬಾಯಿ ಬಿಗಿ. ಮಳೆಯಲ್ಲಿ ಇಂಬಳಕ್ಕೆ ಹೆದರಿ, ಬಿಸಿಲಲ್ಲಿ ಹಾವಿಗೆ ಹೆದರಿ, ಎಂಟು ತಿಂಗಳು ಅದನ್ನೇ ಹಾಕಿದ್ದೆ. ಬೂಟಿನ ಬಾಯಿ ಎರಡು ಬೆರಳು ಕತ್ತರಿಸಿದೆ, ಹದಿನೈದು ದಿನದಲ್ಲಿ ನೋವು ಹೋಯಿತು. ಮಾತ್ರೆಯಿಂದ ಸ್ನಾಯುನೋವು ಬರುವವರು ಇದ್ದಾರೆ, ಅದು ಸುಳ್ಳಲ್ಲ, ಬಂದರೆ ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ. ನನ್ನದು ಮಾತ್ರ ಬೂಟು.

ಹಾಸನದಲ್ಲಿ ಅಕ್ಕನ ಮಗಳು ಫಾರ್ಮಸಿ ಓದುತ್ತಾಳೆ. ಶಿವರಾತ್ರಿಗೆ ಬಂದವಳಿಗೆ ಬಾಟಲಿ ತೋರಿಸಿದೆ. ‘ಮಾವ, ಇದರ ಮೇಲೆ ಪ್ರಯೋಗ ನಡೆದೇ ಇಲ್ಲ ಅಂತಲ್ಲ’ ಅಂತ ಶುರು ಮಾಡಿ ಒಂದು ಗಂಟೆ ಪಾಠ ಮಾಡಿದಳು. ಕೊಬ್ಬು ತಿನ್ನಿಸಿದ ಇಲಿಗಳಲ್ಲಿ ಜೇನಂಟು ಒಳ್ಳೆಯ ಫಲ ತೋರಿಸಿದೆಯಂತೆ. ಮನುಷ್ಯರ ಮೇಲೆ ಮಾಡಿದ್ದು ಒಂದೊಂದು ಒಂದೊಂದು ಹೇಳುತ್ತದೆ. 2017ರಲ್ಲಿ ಇರಾನಿನಲ್ಲಿ 66 ಮಂದಿ ಸಕ್ಕರೆ ಕಾಯಿಲೆಯವರನ್ನು ಸೇರಿಸಿ, ಕೆಲವರಿಗೆ ದಿನಕ್ಕೆ 900 ಮಿಲಿಗ್ರಾಂ ಜೇನಂಟು, ಕೆಲವರಿಗೆ ಮದ್ದಿಲ್ಲದ ಹುಸಿ ಮಾತ್ರೆ, 12 ವಾರ ಕೊಟ್ಟರು. ಜೇನಂಟು ತಿಂದವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ, ಒಟ್ಟು ಕೊಲೆಸ್ಟ್ರಾಲ್, ಎಲ್‌ಡಿಎಲ್ ಇಳಿದವು. ಅದೇ ವರ್ಷ ಪ್ರಕಟವಾದ ಚಿಲಿ ದೇಶದ ಪ್ರಯೋಗದಲ್ಲಿ ದಿನಕ್ಕೆ ಎರಡು ಸಲ 15 ಹನಿ, 90 ದಿನ. ಅಲ್ಲಿ ಎಚ್‌ಡಿಎಲ್ ಸುಮಾರು 54ರಿಂದ 66ಕ್ಕೆ ಏರಿತು. ಅಂಗಡಿಯ ಚೀಟಿ ಎಲ್ಲಿಂದ ಬಂತು ಅನ್ನುವುದು ಆಗ ಹೊಳೆಯಿತು! ಆದರೆ ಚೀನಾದಲ್ಲಿ ಬ್ರೆಜಿಲಿನ ಹಸಿರು ಜೇನಂಟನ್ನು ದಿನಕ್ಕೆ ಅದೇ 900 ಮಿಲಿಗ್ರಾಂ, 18 ವಾರ ಸಕ್ಕರೆ ಕಾಯಿಲೆಯವರಿಗೆ ಕೊಟ್ಟರೂ ಸಕ್ಕರೆ ಕದಲಲಿಲ್ಲ.

‘ಎಲ್ಲರೂ ಜೇನಂಟೇ ಕೊಟ್ಟಿದ್ದಲ್ವಾ, ಹಾಗಾದ್ರೆ ಯಾಕೆ ಬೇರೆ ಬೇರೆ?’ ಅಂದೆ. ಅಲ್ಲೇ ಇರುವುದು ಸಿಕ್ಕು. ಹುಳ ಯಾವ ಮರಕ್ಕೆ ಹೋಗುತ್ತದೋ ಅಂಟು ಆ ಮರದ್ದು. ಯುರೋಪಿನದು ಪಾಪ್ಲರ್ ಮರದ ಮೊಗ್ಗಿನದು, ಬ್ರೆಜಿಲಿನ ಹಸಿರಿನದು ಬಕಾರಿಸ್ ಅನ್ನುವ ಒಂದು ಪೊದೆಗಿಡದ್ದು. ಒಂದರಲ್ಲಿ ಇರುವ ಮುಖ್ಯ ಪದಾರ್ಥ ಇನ್ನೊಂದರಲ್ಲಿ ಇರುವುದೇ ಇಲ್ಲ. ನಮಗೆ ಇದು ಹೊಸ ಮಾತಲ್ಲ. ಅರೇಬಿಕಾನೂ ಕಾಫಿಯೇ, ರೊಬಸ್ಟಾನೂ ಕಾಫಿಯೇ, ಎರಡನ್ನೂ ಒಂದೇ ಮೂಟೆಗೆ ತುಂಬಿ ಒಂದೇ ರೇಟು ಬರೆದರೆ ಸಾಹುಕಾರ್ರು ನನ್ನನ್ನು ಅವತ್ತೇ ಮನೆಗೆ ಕಳಿಸುತ್ತಾರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಜೇನಂಟಿನ ಆರೋಗ್ಯದ ಹೇಳಿಕೆಗಳನ್ನು ಒಪ್ಪದೆ ಕಳಿಸಿದ್ದೂ ಇದೇ ಕಾರಣಕ್ಕೆ: ನೀವು ಮಾರುವ ಪದಾರ್ಥ ಏನು ಅಂತ ಮೊದಲು ಸರಿಯಾಗಿ ಗುರುತಿಸಿಲ್ಲ ಅಂತ. ನನ್ನ ಬಾಟಲಿಗೂ ಅದೇ ಪ್ರಶ್ನೆ.

ಇನ್ನೊಂದು ಲೆಕ್ಕ ಅವಳೆದುರೇ ಮಾಡಿದೆ. 10% ಅಂದರೆ ಒಂದು ಮಿಲಿಯಲ್ಲಿ 100 ಮಿಲಿಗ್ರಾಂ. ನನ್ನ 30 ಹನಿ ಹೆಚ್ಚು ಕಮ್ಮಿ ಒಂದು ಮಿಲಿ. ಇರಾನಿನವರು ತಿಂದದ್ದು 900, ನಾನು ಕುಡಿದದ್ದು ನೂರರ ಒಳಗೆ. ಅವರ ಪ್ರಮಾಣಕ್ಕೆ ಬರಬೇಕಾದರೆ ನಾನು ದಿನಕ್ಕೆ ಒಂಬತ್ತು ಮಿಲಿ ಕುಡಿಯಬೇಕು, ತಿಂಗಳಿಗೆ ಒಂಬತ್ತು ಬಾಟಲಿ, 6,120 ರೂಪಾಯಿ. ಜನೌಷಧಿ ಅಂಗಡಿಯಲ್ಲಿ ನನ್ನ ತಿಂಗಳ ಮಾತ್ರೆಗೆ ಐವತ್ತು ರೂಪಾಯಿಯೂ ಆಗುವುದಿಲ್ಲ. ‘ಜೊತೆಗೆ ದಿನಾ ಅಷ್ಟು ಸ್ಪಿರಿಟ್ಟೂ ಹೋಗುತ್ತೆ ಮಾವ’ ಅಂದಳು. ಒಳಗಿನಿಂದ ಮನೆಯವಳು ‘ಅದಕ್ಕೇ ಇರ್ಬೇಕು ಇಷ್ಟ ಆಗಿದ್ದು’ ಅಂದದ್ದು ಕೇಳಿಸಿತು.

ಸಕ್ಕರೆಯ ವಿಷಯದಲ್ಲಿ ಸ್ವಲ್ಪ ಕರುಣೆ ತೋರಿಸಬೇಕು. ಖಾಲಿ ಹೊಟ್ಟೆಯದು ಮೊದಲು 112 ಇತ್ತು, ಈಗ 106. ಮೂರು ತಿಂಗಳ ಸರಾಸರಿ 6.0 ಇದ್ದದ್ದು 5.9. ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದವರೂ ಕೊಲೆಸ್ಟ್ರಾಲಿಗಿಂತ ಸಕ್ಕರೆಯ ಮೇಲೆಯೇ ಜೇನಂಟಿನ ಕೆಲಸ ಹೆಚ್ಚು ಕಾಣುತ್ತದೆ, ಅದೂ ಅಲ್ಪವೇ, ಅನ್ನುತ್ತಾರೆ ಅಂತ ಅಕ್ಕನ ಮಗಳ ವರದಿ. ಆದರೆ ನಾನು ಕಾಫಿಗೆ ಸಕ್ಕರೆಯನ್ನೂ ಅರ್ಧ ಮಾಡಿದ್ದೆ. ಮತ್ತೆ ಅದೇ ಖಾತೆ ಜಗಳ.

ಅಂಗಡಿಗೆ ಮತ್ತೆ ಹೋದೆ, ಜಗಳಕ್ಕಲ್ಲ. ರಿಪೋರ್ಟು ತೋರಿಸಿದೆ. ಆ ಹುಡುಗ ಬೆರಳಿಟ್ಟು ಓದಿದ, ‘ನೋಡಿ ಸಾರ್, ಎಚ್‌ಡಿಎಲ್ ಏರಿದೆ!’ ಅಂದ. ಎಲ್‌ಡಿಎಲ್ ಮೇಲೆ ನಾನು ಬೆರಳಿಟ್ಟೆ. ‘ಇನ್ನೊಂದ್ ಮೂರ್ ತಿಂಗಳು ಬೇಕು ಸಾರ್, ಇದು ನಿಧಾನ’ ಅಂದ. ಇದು ಯಾವ ಜೇನಿನದು ಅಂತ ಕೇಳಿದೆ. ‘ಪೆಟ್ಟಿಗೆ ಜೇನು ಸಾರ್, ಇಲ್ಲೇ, ಮೂಡಿಗೆರೆ ಸೈಡು.’ ತುಡುವೆ ಅಂಟು ಕೂಡಿಡುವುದಿಲ್ಲವಲ್ಲಪ್ಪ ಅಂದೆ. ಅಷ್ಟರಲ್ಲಿ ಬೆಂಗಳೂರು ಕಡೆಯ ಒಂದು ಸಂಸಾರ ಒಳಗೆ ಬಂತು, ಅವನು ಅವರ ಕಡೆ ತಿರುಗಿದ. ನಾನು ತಂಗಿಗೆ ಕಾಲು ಕೆ.ಜಿ. ಏಲಕ್ಕಿ ತೆಗೆದುಕೊಂಡು ಬಂದೆ. ಏಲಕ್ಕಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಕೊಳ್ಳಬೇಕೋ ಬೇಡವೋ ಅಂದರೆ: ಗಂಟಲಿಗೆ, ವಸಡಿಗೆ ಒಂದು ಬಾಟಲಿ ತಂದಿಟ್ಟುಕೊಳ್ಳುತ್ತೇನೆ ಅನ್ನುವವರು ತನ್ನಿ, ಮೊದಲು ಮೊಣಕೈ ಒಳಗೆ ಒಂದು ಹನಿ ಹಚ್ಚಿ ಎರಡು ದಿನ ಕಾಯಿರಿ. ಕೊಲೆಸ್ಟ್ರಾಲಿಗೆ ಅಂತ ಹೋಗುವವರು, ಮೂಲ ಯಾವುದು, ಯಾವ ಜೇನಿನದು, ಒಂದು ಹನಿಯಲ್ಲಿ ಎಷ್ಟು ಸಾರ ಇದೆ ಅಂತ ಕೇಳಿ. ಉತ್ತರ ಸಿಕ್ಕಿದರೂ ಮಾತ್ರೆ ಮಾತ್ರ ಬಿಡಬೇಡಿ. ನಾನು ಮಾರನೇ ರಾತ್ರಿಯಿಂದಲೇ ಮತ್ತೆ ಶುರು ಮಾಡಿದ್ದೇನೆ, ಮೇ ತಿಂಗಳಲ್ಲಿ ಇನ್ನೊಮ್ಮೆ ರಕ್ತ ಕೊಡಬೇಕು.

ಮೂರನೇ ಬಾಟಲಿಯ ತಳದಲ್ಲಿ ಒಂಚೂರು ಉಳಿದಿದೆ, ಆಫೀಸಿನ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಮೊನ್ನೆ ಶನಿವಾರ ಸಂಜೆ ಮೇಸ್ತ್ರಿ ಬಂದು ಬಾಗಿಲ ಹತ್ತಿರ ನಿಂತ. ಮಾಲೆ ತೆಗೆದು ತಿಂಗಳ ಮೇಲಾಗಿದೆ.

‘ರೈಟ್ರೇ, ಗಂಟಲು ಯಾಕೋ ಕೆರಿತೈತೆ. ಆವತ್ತು ಎರಡು ಹನಿ ಅಂದಿದ್ರಲ್ಲ.’

ಚೆಕ್‌ರೋಲ್ ಬದಿಗಿಟ್ಟು, ಮಗ್ಗಿಗೆ ನೀರು ಹಾಕಿ, ಎರಡು ಹನಿ ಬಿಟ್ಟೆ. ಮೂಸಿ ನೋಡಿ, ಇನ್ನೂ ಸ್ವಲ್ಪ ಅಂದ. ಹತ್ತಕ್ಕೆ ನಿಲ್ಲಿಸಿದೆ.

‘ಹನಿಗೆ ಎಪ್ಪತ್ಮೂರು ಪೈಸೆ ಕಣೋ. ಏಳು ರೂಪಾಯಿ ಮೂವತ್ತು ಪೈಸೆ ಆಯ್ತು.’

‘ಬಟವಾಡೇಲಿ ಹಿಡ್ಕೊಳ್ಳಿ’ ಅಂದು ಒಂದೇ ಗುಟುಕಿಗೆ ಕುಡಿದ.